ಸೋಗೆ ದಂಟಿನ ಮೇಲಿನ ಪುಟಾಣಿ ಬಟ್ಟಲಣಬೆ: ಗುರುತು ಹಿಡಿಯೋದು ಹೇಗೆ

ಆಟಿ ತಿಂಗಳಲ್ಲಿ ನಾಲ್ಕು ದಿನ ಬಿಡದೆ ಮಳೆ ಬಡಿದು ಐದನೇ ದಿನ ಚೂರು ಬೆಳಕು ಬಿಡ್ತದಲ್ಲ, ಆವಾಗ ತೋಟಕ್ಕೆ ಹೋಗಿ ಕಳೆದ ವರ್ಷ ಬಿದ್ದ ಅಡಿಕೆ ಸೋಗೆಯ ದಂಟು ಒಂದನ್ನು ಎತ್ತಿ ಅಡಿ ಮಗುಚಿ ನೋಡಿ. ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕಿ, ಹಳದಿ ಚುಕ್ಕಿ, ಕೇಸರಿ ಚುಕ್ಕಿ ಕಾಣ್ತದೆ. ಬರೀ ಕಣ್ಣಿಗೆ ಅದು ಬೂಷ್ಟು. ಹತ್ತು ಪಟ್ಟಿನ ಲೆನ್ಸ್ ಹಿಡಿದ್ರೆ ಒಂದೊಂದು ಚುಕ್ಕಿಯೂ ಒಂದೊಂದು ಬಟ್ಟಲು, ಅಂಚಿಗೆ ರೋಮ, ಅಡಿಗೆ ಸಣ್ಣ ಕಾಲು, ಒಳಗೆ ನಯವಾದ ತಟ್ಟೆ. ನಮ್ಮ ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆ ಅಣಬೆ ಅಂದ್ರೆ ಮೊದಲ ಮಳೆಗೆ ಸಿಗುವ ಕಲ್ಲಣಬೆ, ಮತ್ತೆ ಹುತ್ತದ ಹತ್ತಿರ ಏಳುವ ಅಣಬೆ, ಅಷ್ಟೇ ಲೆಕ್ಕ. ನಾನು ಕೊಳೆತ ಸೋಗೆ ಹಿಡ್ಕೊಂಡು ಮನೆಯೊಳಗೆ ಬಂದಾಗ ದೊಡ್ಡಮ್ಮ ಕೇಳಿದ್ದು ಎರಡೇ ಪ್ರಶ್ನೆ, "ಅದು ತಿನ್ಲಿಕ್ಕೆ ಆಗ್ತದಾ?" ಇಲ್ಲ ಅಂದೆ. "ಮತ್ತೆ ಎಂತಕ್ಕೆ ಒಳಗೆ ತಂದದ್ದು?" ಅದಕ್ಕೆ ಇವತ್ತಿಗೂ ಸಮ ಉತ್ತರ ಕೊಡ್ಲಿಕ್ಕೆ ಆಗ್ಲಿಲ್ಲ ಮಾರಾಯ್ರೆ, ಆದ್ರೆ ಗುರುತು ಹಿಡಿಯುವ ದಾರಿ ಚೂರು ಗೊತ್ತಾಗಿದೆ, ಅದನ್ನೇ ಬರೀತೇನೆ.

ಒಂದು ಮಾತು ಮೊದಲೇ ಹೇಳ್ತೇನೆ, ಬಣ್ಣ ನೋಡಿ ಇವುಗಳ ಹೆಸರು ಹೇಳ್ಲಿಕ್ಕೆ ಆಗುದಿಲ್ಲ. ಫೋಟೋ ಎಷ್ಟು ಚಂದ ಇದ್ರೂ ಅಷ್ಟೇ. ಹಳದಿ ಬಟ್ಟಲು ಅಂದ್ರೆ ಹತ್ತಾರು ಜಾತಿ ಆಗ್ಬಹುದು, ಬಿಳಿ ರೋಮದ್ದು ಅಂದ್ರೆ ಅದಕ್ಕಿಂತ ಜಾಸ್ತಿ. ಬೆಳೆದದ್ದು ಯಾವುದರ ಮೇಲೆ, ಜೀವ ಇರುವಾಗ ಮೈಕ್ರೋಸ್ಕೋಪಿನಲ್ಲಿ ಕಂಡದ್ದೆಂತ, ಈ ಎರಡು ಇದ್ರೆ ಬಹಳ ಸಲ ಕುಲದವರೆಗೆ ಬಂದು ನಿಲ್ಲಬಹುದು. ಕುಲ ಅಂದ್ರೆ ಜೀನಸ್. ಜಾತಿಯ ಹೆಸರು ಆಮೇಲಿನ ಮಾತು.

ಬಟ್ಟಲಣಬೆ ಅಂದ್ರೆ ಎಂತ ಅಂತ ಎರಡು ಮಾತಲ್ಲಿ ಮುಗಿಸುವ. ಕೊಡೆ ಅಣಬೆಯಲ್ಲಿ ಬೀಜಕಣ, ಅಂದ್ರೆ ಸ್ಪೋರ್, ಕೊಡೆಯ ಅಡಿಯ ಪದರದಿಂದ ಕೆಳಗೆ ಉದುರ್ತದೆ. ಇಲ್ಲಿ ಹಾಗಲ್ಲ, ಬಟ್ಟಲಿನ ಒಳಗಿನ ತಟ್ಟೆ ಪೂರ್ತಿ ಉದ್ದುದ್ದ ಚೀಲಗಳು ಒತ್ತೊತ್ತಾಗಿ ನಿಂತಿರ್ತವೆ, ಒಂದೊಂದು ಚೀಲ ಒಂದು ಆಸ್ಕಸ್, ಅದರೊಳಗೆ ಸಾಧಾರಣ ಎಂಟು ಸ್ಪೋರ್. ಚೀಲದೊಳಗೆ ನೀರಿನ ಒತ್ತಡ ಏರಿ ತುದಿ ಒಡೆದು ಎಂಟೂ ಒಟ್ಟಿಗೆ ಮೇಲಕ್ಕೆ ಚಿಮ್ಮುತ್ತವೆ. ಆಸ್ಕಸ್ಸುಗಳ ಎಡೆಯಲ್ಲಿ ಸಪೂರ ಎಳೆಗಳು ನಿಂತಿರ್ತವೆ, ಅವು ಪ್ಯಾರಾಫೈಸಿಸ್. ಹೊರಗಿನ ಗೋಡೆ ಎಕ್ಸಿಪ್ಯುಲಮ್. ಈ ನಾಲ್ಕು ಹೆಸರು ನೆನಪಿಟ್ಟರೆ ಸಾಕು. ದೊಡ್ಡ ಬಟ್ಟಲು ಸಿಕ್ಕಿದ್ರೆ ಮೆಲ್ಲ ಉಸಿರು ಊದಿ ನೋಡಿ, ಕೆಲವು ಸಲ ಒಂದು ಕ್ಷಣ ಬಿಟ್ಟು ಹೊಗೆ ಎದ್ದ ಹಾಗೆ ಸ್ಪೋರ್ ಏಳ್ತದೆ, ಅದನ್ನು ಕಂಡ ಮಕ್ಕಳು ಮತ್ತೆ ತೋಟದಿಂದ ಮನೆಗೆ ಬರುದಿಲ್ಲ.

ಮೊದಲು ಅದು ಬಟ್ಟಲಣಬೆ ಹೌದಾ ಅಂತ ನೋಡ್ಬೇಕು. ಅಡಿಕೆ ಮರದ ಕಾಂಡದ ಮೇಲೆ ಬಿಳಿ ಹಸಿರು ತೇಪೆ ಇರ್ತದಲ್ಲ, ಅದು ಕಲ್ಲುಹೂವಿನ ಜಾತಿ, ಲೈಕೆನ್. ಅದರಲ್ಲೂ ಬಟ್ಟಲು ಬರ್ತದೆ, ಅದು ನಿಜವಾಗಿ ಇದೇ ಬಳಗದ್ದೇ, ಆದ್ರೆ ಸುತ್ತ ಹಸಿರು ಪಾಚಿಯ ಪದರ ಉಂಟು, ಸೀಳಿ ನೋಡಿದ್ರೆ ಪಾಚಿಯ ಹಸಿರು ಉಂಡೆಗಳು ಕಾಣ್ತವೆ, ಅದನ್ನು ಲೈಕೆನ್ ನೋಡುವವರಿಗೆ ಬಿಡಿ. ಜೀವಂತ ಎಲೆಯ ಅಡಿಯಲ್ಲಿ ಗುಂಪಾಗಿ ಕಿತ್ತಳೆ ಬಟ್ಟಲು ಇದ್ರೆ ಅದು ತುಕ್ಕುರೋಗ ಆಗಿರ್ಬಹುದು. ಗೊಬ್ಬರದ ಗುಂಡಿಯ ಹತ್ತಿರ, ಕೊಳೆತ ಮರದ ಚೂರಿನ ಮೇಲೆ ಬಟ್ಟಲಿನೊಳಗೆ ಮಸೂರ ಬೇಳೆ ಹಾಕಿಟ್ಟ ಹಾಗೆ ಕಂಡ್ರೆ ಅದು ಹಕ್ಕಿಗೂಡು ಅಣಬೆ, ಬೇರೆಯೇ ವಂಶ. ಆದ್ರೆ ಇವೆಲ್ಲಕ್ಕಿಂತ ಮೋಸ ಮಾಡುದು ಇನ್ನೊಂದು, ಸಣ್ಣ ಸಣ್ಣ ಬಿಳಿ ರೋಮದ ಬಟ್ಟಲು, ನೋಡ್ಲಿಕ್ಕೆ ಥೇಟ್ ಇದೇ, ಒಳಗೆ ನೋಡಿದ್ರೆ ಆಸ್ಕಸ್ಸೇ ಇಲ್ಲ, ಕೊಡೆ ಅಣಬೆಯ ಹಾಗೆ ನಾಲ್ಕು ಕೊಂಬಿನ ತುದಿಯಲ್ಲಿ ನಾಲ್ಕು ಸ್ಪೋರ್. ಗೇರು ಕಡ್ಡಿಯ ಮೇಲೆ ಸಿಕ್ಕಿದ ಅಂಥದ್ದೊಂದನ್ನು ಎರಡು ತಿಂಗಳು ಲ್ಯಾಕ್ನಮ್, ಅಂದ್ರೆ ರೋಮದ ಬಟ್ಟಲಣಬೆಯ ಒಂದು ಕುಲ, ಅಂತ ಪುಸ್ತಕದಲ್ಲಿ ಬರೆದು ಇಟ್ಟಿದ್ದೆ ನಾನು, ಸ್ಲೈಡ್ ಮಾಡ್ಲಿಕ್ಕೆ ಉದಾಸೀನ, ಬಿಳಿ ರೋಮ ಕಂಡ ಕೂಡಲೇ ಹೆಸರು ಬರೆದದ್ದು. ಒಂದು ಸ್ಲೈಡ್, ಐದು ನಿಮಿಷದ ಕೆಲಸ.

ಎಲ್ಲಿ ಹುಡುಕುದು? ಕಾಸರಗೋಡಿಗೆ ವರ್ಷಕ್ಕೆ 3500 ಮಿಲಿಮೀಟರ್ ಹತ್ತಿರ ಮಳೆ, ಹಾಗಾಗಿ ಹುಡುಕ್ಲಿಕ್ಕೆ ದೂರ ಹೋಗ್ಬೇಕಾಗಿಲ್ಲ. ಸೋಗೆಯ ದಂಟು, ಹಾಳೆ, ಒಣಗಿದ ಅಡಿಕೆ ಕೊನೆಯ ಕಡ್ಡಿ, ಬಿದಿರು, ರಬ್ಬರ್ ಮತ್ತು ಗೇರು ಮರದ ಉದುರಿದ ಗೆಲ್ಲು, ತೇಗದ ಎಲೆಯ ತೊಟ್ಟು, ಹಲಸಿನ ಕೊಳೆತ ಮರ. ಸುರಂಗದ ಬಾಯಿಯಲ್ಲಿ ಮುರಕಲ್ಲು ಯಾವಾಗಲೂ ಒದ್ದೆ, ಅಲ್ಲಿ ಪಾಚಿಯ ಎಡೆಯಲ್ಲಿ ಮಣ್ಣಿನ ಮೇಲೆ ಬೆಳೆಯುವ ಬಟ್ಟಲು ಸಿಗ್ತದೆ. ಸುಡುಮಣ್ಣು ಮಾಡಿದ ಜಾಗವನ್ನಂತೂ ಬಿಡ್ಲೇಬೇಡಿ, ಬೆಂಕಿ ಬಿದ್ದ ಮಣ್ಣಿನಲ್ಲಿ ಬೇರೆ ಶಿಲೀಂಧ್ರಗಳ ಪೈಪೋಟಿ ಇರುದಿಲ್ಲ, ಅಲ್ಲಿ ಪೈರೋನೆಮಾ ಅನ್ನುವ ಗುಲಾಬಿ ಕಿತ್ತಳೆ ಬಣ್ಣದ, ಒಂದಕ್ಕೊಂದು ಅಂಟಿ ಚಾಪೆ ಆಗುವ ಜಾತಿ ಬರ್ತದೆ. ಹಟ್ಟಿಯ ಸೆಗಣಿ ಇನ್ನೊಂದು ನಿಧಿ, ಆಮೇಲೆ ಹೇಳ್ತೇನೆ. ಬೋರ್ಡೋ ದ್ರಾವಣ ಹೊಡೆದ ವಾರ ಮರದ ಬುಡದಲ್ಲಿ ಹುಡುಕ್ಲಿಕ್ಕೆ ಹೋಗ್ಬೇಡಿ, ಮೈತುತ್ತು ಕೊಳೆರೋಗಕ್ಕೆ ಅಂತ ಹೊಡೆದದ್ದು ಇವುಗಳಿಗೂ ವಿಷವೇ. ನಾಗಬನದ ಒಳಗಿಂದ ಮಾತ್ರ ನಾನು ಕಡ್ಡಿ ಸಹ ಎತ್ತುದಿಲ್ಲ, ಹೊರಗಿಂದ ಫೋಟೋ ತೆಗೆದು ಬರ್ತೇನೆ, ಮನೆಯವರ ಮಾತು ಕೇಳ್ಲಿಕ್ಕೆ ಧೈರ್ಯ ಇಲ್ಲ. ರಿಸರ್ವ್ ಕಾಡಾದ್ರೆ ಅನುಮತಿ ಇಲ್ಲದೆ ಎಂತದ್ದೂ ತರ್ಬಾರ್ದು.

ತರುವಾಗ ಬಟ್ಟಲನ್ನು ಕೀಳ್ಬೇಡಿ, ಅದು ಕೂತ ಕಡ್ಡಿಯನ್ನೇ ಎರಡು ಇಂಚು ಮುರಿದು ತನ್ನಿ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕ್ಬಾರ್ದು. ಮೊದಲ ಮಳೆಗಾಲ ನಾನು ಒಂದಿಡೀ ಬೆಳಗ್ಗೆ ಒಟ್ಟುಮಾಡಿದ್ದನ್ನು ತೊಟ್ಟೆಯಲ್ಲಿ ಕಟ್ಟಿ ಬೈಕಿನ ಬಾಕ್ಸಿನಲ್ಲಿ ಮರೆತು ಮರುದಿನ ಬಿಚ್ಚಿದ್ರೆ ಎಲ್ಲ ಒಂದೇ ಲೋಳೆ, ಮೇಲೆ ಬೂಷ್ಟು, ಒಳಗೆ ಹುಳ. ಬೆಂಕಿಪೊಟ್ಟಣ, ಮಾತ್ರೆ ಡಬ್ಬಿ, ಗುಂಡಿ ಹಾಕುವ ಪ್ಲಾಸ್ಟಿಕ್ ಡಬ್ಬಿ, ಯಾವುದಾದ್ರೂ ಗಟ್ಟಿ ಡಬ್ಬಿ ಆಗ್ತದೆ, ಒಂದಕ್ಕೆ ಒಂದೇ ಸ್ಯಾಂಪಲ್, ಒಳಗೆ ಚೂರು ಒದ್ದೆ ಪಾಚಿ ಅಥವಾ ಟಿಶ್ಯೂ. ಇನ್ನೊಂದು ಸಂಗತಿ ತುಂಬ ಜನಕ್ಕೆ ಗೊತ್ತಿಲ್ಲ, ತೊಗಟೆ ಮೇಲೆ ಗಾಳಿಗೆ ನಿಲ್ಲುವ ಜಾತಿಗಳಲ್ಲಿ ಸುಮಾರು ಒಣಗಿ ಮುದುಡಿದ್ರೂ ಸಾಯುದಿಲ್ಲ, ಮಾಘದ ಬಿಸಿಲಿನಲ್ಲಿ ಒಣಕಡ್ಡಿ ತಂದು ಒದ್ದೆ ಕಾಗದದ ಮೇಲಿಟ್ರೆ ಕೆಲವು ಬಟ್ಟಲು ಅರ್ಧ ಗಂಟೆಯಲ್ಲಿ ಮತ್ತೆ ತೆರೆದು ಕೂರ್ತವೆ. ಹಾಗಾಗಿ ಮಳೆಗಾಲ ಮುಗೀತು ಅಂತ ಲೆನ್ಸ್ ಒಳಗಿಡ್ಬೇಡಿ.

ಸ್ಥಳದಲ್ಲೇ ಬರೆದುಕೊಳ್ಳುದು ಎಂತದ್ದು? ಯಾವ ಗಿಡದ ಯಾವ ಭಾಗ ಅನ್ನುದು ಎಲ್ಲಕ್ಕಿಂತ ಮುಖ್ಯ, ಇದನ್ನು ಬರೆಯದೆ ಬಿಟ್ರೆ ಮತ್ತೆ ಮಾಡಿದ ಅರ್ಧ ಕೆಲಸ ನೀರಿಗೆ. 'ಕಡ್ಡಿ' ಅಂತ ಬರೆದ್ರೆ ಸಾಲದು, ಗೇರಿನ ಕಡ್ಡಿ, ತೊಗಟೆ ಇದೆಯಾ ಹೋಗಿದೆಯಾ, ನೆಲಕ್ಕೆ ತಾಗಿತ್ತಾ ಮರದಲ್ಲೇ ನೇತಾಡ್ತಿತ್ತಾ. ಕೆಲವು ಜಾತಿ ಒಂದೇ ಗಿಡದ ಒಂದೇ ಭಾಗಕ್ಕೆ ಕಟ್ಟುಬಿದ್ದವು. ಆಮೇಲೆ ತಟ್ಟೆಯ ಅಗಲ, ಕಾಲು ಉಂಟಾ ಇಲ್ವಾ, ಕಾಲಿನ ಬುಡ ಕಪ್ಪಾ, ಹೊರಗೆ ರೋಮ ಇದೆಯಾ ಹಿಟ್ಟು ಉದುರಿದ ಹಾಗಾ ನಯವಾ, ಮೈ ಮೇಣದ ಹಾಗಾ ರಬ್ಬರಿನ ಹಾಗಾ ಲೋಳೆಯಾ, ತೊಗಟೆ ಒಡೆದು ಹೊರಗೆ ಬಂದದ್ದಾ ಮೇಲೆಯೇ ಕೂತದ್ದಾ. ಮುರಿದ್ರೆ ಹಾಲಿನ ಹಾಗೆ ರಸ ಬರ್ತದಾ, ಬಣ್ಣ ತಿರುಗ್ತದಾ ಅಂತಲೂ ನೋಡಿ, ಪೆಜೈಜಾ ಅನ್ನುವ ಬಟ್ಟಲಣಬೆ ಕುಲದ ಬಳಗದ ಕೆಲವಕ್ಕೆ ಹಾಗೆ ರಸ ಬರ್ತದೆ. ಫೋಟೋ ಮೇಲಿಂದ ಒಂದು, ಬದಿಯಿಂದ ಒಂದು, ಅಡಿಯಿಂದ ಒಂದು, ಗ್ರಾಫ್ ಕಾಗದದ ಚೂರು ಪಕ್ಕದಲ್ಲಿಟ್ಟು. ಮೇಲಿಂದ ತೆಗೆದ ಫೋಟೋ ಚಂದ ಬರ್ತದೆ, ಕೆಲಸಕ್ಕೆ ಬರುದು ಬದಿಯದ್ದು.

ಈಗ ಮೈಕ್ರೋಸ್ಕೋಪ್. ಕಾಲೇಜಿನಲ್ಲಿರುವ ಸಾದಾ ಕಾಂಪೌಂಡ್ ಮೈಕ್ರೋಸ್ಕೋಪೇ ಸಾಕು, ಆದ್ರೆ ಎಣ್ಣೆ ಹಾಕಿ ನೋಡುವ 100 ಪಟ್ಟಿನ ಮಸೂರ ಬೇಕೇ ಬೇಕು, ಮತ್ತೆ ಕಣ್ಣಿನ ಮಸೂರದೊಳಗೆ ಅಳತೆ ಗೆರೆ. ಆ ಗೆರೆಯ ಬೆಲೆ ಒಂದೊಂದು ಮಸೂರಕ್ಕೂ ಬೇರೆ. ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿದ ಸ್ಟೇಜ್ ಮೈಕ್ರೋಮೀಟರ್ ಅಂತ ಸ್ಲೈಡ್ ಸಿಗ್ತದೆ, ಅದರ ಒಂದು ಮನೆ 10 ಮೈಕ್ರೋಮೀಟರ್, ಅದನ್ನು ಇಟ್ಟು ಒಮ್ಮೆ ಹೊಂದಿಸಿ ಬರೆದು ಮೈಕ್ರೋಸ್ಕೋಪಿಗೇ ಅಂಟಿಸಿ. ಇದನ್ನು ಮಾಡದೆ ಅಳೆದ ಅಳತೆ ಅಳತೆಯೇ ಅಲ್ಲ.

ಮೊದಲ ಸ್ಲೈಡ್ ಯಾವಾಗಲೂ ಬರೀ ನೀರಿನಲ್ಲಿ. ಇದನ್ನು ನಾನು ಜಗಳ ಮಾಡಿಯಾದ್ರೂ ಹೇಳ್ತೇನೆ. ನಮಗೆ ಲ್ಯಾಬಿನಲ್ಲಿ ಕಲಿಸುದು ಎಂತ, ಶಿಲೀಂಧ್ರ ಅಂದ ಕೂಡಲೇ ಲ್ಯಾಕ್ಟೋಫಿನಾಲ್ ಕಾಟನ್ ಬ್ಲೂ ಅನ್ನುವ ನೀಲಿ ಬಣ್ಣ ಒಂದು ತೊಟ್ಟು. ಅದು ಬಿದ್ದ ಕ್ಷಣ ಎಲ್ಲ ಜೀವಕೋಶ ಸಾಯ್ತದೆ, ಸ್ಪೋರಿನೊಳಗಿನ ಎಣ್ಣೆಹನಿಗಳು ಒಂದಕ್ಕೊಂದು ಸೇರಿ ಆಕಾರ ಕೆಡ್ತದೆ, ಪ್ಯಾರಾಫೈಸಿಸ್ ಒಳಗಿನ ಹೊಳೆಯುವ ಗುಳ್ಳೆಗಳು ಮಾಯ, ಆಸ್ಕಸ್ಸಿನ ಅಗಲ ಕುಗ್ತದೆ. ಜರ್ಮನಿಯ ಹಾನ್ಸ್ ಒಟ್ಟೊ ಬರಾಲ್ ಅನ್ನುವವರು 1992ರಲ್ಲಿ ಇದನ್ನೇ ದೊಡ್ಡ ದನಿಯಲ್ಲಿ ಹೇಳಿದ್ದು, ಒಣಗಿಸಿಟ್ಟ ಸ್ಯಾಂಪಲಿನಲ್ಲಿ ಕಾಣುದೇ ಬೇರೆ ಜೀವ ಇರುವಾಗ ಕಾಣುದೇ ಬೇರೆ, ಜೀವ ಇರುವಾಗಿನ ಗುಣ ಬರೆಯದೆ ಜಾತಿ ಬೇರ್ಪಡಿಸ್ಲಿಕ್ಕೆ ಹೋಗ್ಬೇಡಿ ಅಂತ. ಸ್ಪೋರಿನಲ್ಲಿ ಎಣ್ಣೆ ಎಷ್ಟು ತುಂಬಿದೆ ಅನ್ನುದಕ್ಕೆ ಅವರು 0 ರಿಂದ 5ರವರೆಗೆ ಅಂಕ ಕೊಡ್ತಾರೆ, ನಾವೂ ಹಾಗೇ ಬರೆದಿಟ್ಟರೆ ಆಯ್ತು. ಬಾವಿ ನೀರು ನಡೀತದೆ. ಬಣ್ಣ ಬಳಿಯುದು ಆಮೇಲೆ.

ಸೀಳುದಕ್ಕೆ ಎರಡು ಬದಿ ಅಲಗಿನ ಬ್ಲೇಡನ್ನು ಕಾಗದದೊಳಗೇ ಉದ್ದಕ್ಕೆ ಮುರಿದು ಅರ್ಧ ಹಿಡ್ಕೊಳ್ಳಿ. ಒಂದು ಮಿಲಿಮೀಟರಿನ ಬಟ್ಟಲನ್ನು ಕೈಯಲ್ಲಿ ಹಿಡಿದು ಸೀಳ್ಲಿಕ್ಕೆ ಆಗುದಿಲ್ಲ, ಮರಗೆಣಸಿನ ಕಾಂಡದ ಬಿಳಿ ತಿರುಳು ಉಂಟಲ್ಲ, ಅದನ್ನು ಸೀಳಿ ಎಡೆಯಲ್ಲಿ ಬಟ್ಟಲನ್ನು ಇಟ್ಟು ಒಟ್ಟಿಗೇ ತೆಳ್ಳಗೆ ಕೊಯ್ಯುತ್ತಾ ಹೋಗಿ. ಹತ್ತು ಸೀಳಿನಲ್ಲಿ ಒಂದು ಚಂದ ಬರ್ತದೆ. ಅದು ನಡುವಿನಿಂದ ಹೋಗಿರ್ಬೇಕು, ಓರೆ ಆದ್ರೆ ಗೋಡೆಯ ಕೋಶಗಳ ಆಕಾರ ತಪ್ಪು ಕಾಣ್ತದೆ. ಬೇಕಾದ್ದು ಬರೀ ಸ್ಪೋರ್ ಮತ್ತು ಆಸ್ಕಸ್ ಅಂತಾದ್ರೆ ಸೀಳು ಬೇಡ, ಸೂಜಿಯ ಮೊನೆಯಷ್ಟು ತಟ್ಟೆಯ ಚೂರು ತೆಗೆದು ನೀರಿನಲ್ಲಿಟ್ಟು ಕವರ್‌ಸ್ಲಿಪ್ ಹಾಕಿ ಪೆನ್ಸಿಲಿನ ರಬ್ಬರ್ ತುದಿಯಿಂದ ಮೆಲ್ಲ ತಟ್ಟಿದ್ರೆ ಹರಡ್ತದೆ. ಕುಟ್ಟಿದ್ರೆ ಚಟ್ನಿ.

ನೋಡ್ಲಿಕ್ಕೆ ಕೂತಾಗ ನನ್ನ ಕಣ್ಣು ಮೊದಲು ಹೋಗುದು ಆಸ್ಕಸ್ಸಿನ ತುದಿಗೆ. ಸ್ಪೋರ್ ಚಿಮ್ಮಿ ಖಾಲಿಯಾದ ಚೀಲ ಹುಡುಕಿ. ತುದಿಯಲ್ಲಿ ಕರಡಿಗೆಯ ಮುಚ್ಚಳದ ಹಾಗೆ ಒಂದು ಸಣ್ಣ ಮುಚ್ಚಳ ಬದಿಗೆ ನೇತಾಡ್ತಿದ್ರೆ ಅದು ಪೆಜೈಜೇಲಿಸ್ ಗಣದ, ಅಂದ್ರೆ ಕುಲಕ್ಕಿಂತ ದೊಡ್ಡ ಒಂದು ಗುಂಪಿನ, ಕಡೆಯದ್ದು. ಮುಚ್ಚಳ ಇಲ್ಲದೆ ತುದಿಯಲ್ಲಿ ಬರೀ ತೂತು ಅಥವಾ ಸೀಳು ಇದ್ರೆ ಹೆಲೋಶಿಯೇಲಿಸ್ ಮತ್ತೆ ಅದರ ಅಕ್ಕಪಕ್ಕದವು. ಇಡೀ ಬಟ್ಟಲಣಬೆ ಲೋಕವನ್ನು ಹೀಗೆ ಮುಚ್ಚಳ ಉಂಟು, ಮುಚ್ಚಳ ಇಲ್ಲ ಅಂತ ಎರಡು ಪಾಲು ಮಾಡಿದ್ದು 19ನೇ ಶತಮಾನದ ಫ್ರಾನ್ಸಿನ ಎಮಿಲ್ ಬೂದಿಯೇ ಅನ್ನುವ ಮನುಷ್ಯ, ಔಷಧಿ ಅಂಗಡಿಯವ, ಮೈಕ್ರೋಸ್ಕೋಪ್ ಇಟ್ಕೊಂಡು ಹಸಿ ಬಟ್ಟಲು ನೋಡ್ತಾ ಬಣ್ಣದ ಚಿತ್ರ ಬರೆದದ್ದು. ಡಿಎನ್‌ಎ ಬಂದ ಮೇಲೂ ಆ ಗೆರೆ ದೊಡ್ಡ ಮಟ್ಟಿಗೆ ಹಾಗೇ ನಿಂತಿದೆ. ಮುಚ್ಚಳ ಕಾಣ್ಲಿಕ್ಕೆ ಕಷ್ಟ ಆದ್ರೆ ಕಾಂಗೋ ರೆಡ್ ಅನ್ನುವ ಕೆಂಪು ಬಣ್ಣ ಒಂದು ತೊಟ್ಟು ಬಿಡಿ, ಗೋಡೆ ಕೆಂಪಾಗಿ ಎದ್ದು ಕಾಣ್ತದೆ.

ಇನ್ನು ಅಯೋಡಿನ್. ಇದರಲ್ಲಿ ಜನ ತುಂಬ ಎಡವುದು, ಹಾಗಾಗಿ ಚೂರು ಉದ್ದ ಹೇಳ್ತೇನೆ. ಆಸ್ಕಸ್ಸಿನ ತುದಿ ಕೆಲವು ಕುಲಗಳಲ್ಲಿ ಅಯೋಡಿನ್ ತಾಗಿದ್ರೆ ನೀಲಿ ಆಗ್ತದೆ, ಪೆಜೈಜಾದಲ್ಲಿ ಇಡೀ ತುದಿ ನೀಲಿ, ಹೆಲೋಶಿಯೇಲಿಸ್‌ನಲ್ಲಿ ತುದಿಯೊಳಗೆ ಸಣ್ಣ ಉಂಗುರ ಮಾತ್ರ ನೀಲಿ, ಅದು 100 ಪಟ್ಟಿನಲ್ಲಿ ಎರಡು ಚುಕ್ಕಿ ಹಾಗೆ ಕಾಣ್ತದೆ. ಹೆಚ್ಚಿನ ಪುಸ್ತಕಗಳು ಮೆಲ್ಜರ್ ದ್ರಾವಣ ಹಾಕಿ ಅಂತಾವೆ. ಚೆಕ್ ದೇಶದ ಮೆಲ್ಜರ್ ಮಾಡಿದ್ದದು, ಅಯೋಡಿನ್ನಿನ ಜೊತೆ ಕ್ಲೋರಲ್ ಹೈಡ್ರೇಟ್ ಇರ್ತದೆ, ಆ ಸಾಮಾನು ನಮಗೆ ಪೇಟೆಯಲ್ಲಿ ಸುಲಭಕ್ಕೆ ಸಿಗುದೂ ಇಲ್ಲ, ಮೈಗೆ ಒಳ್ಳೆಯದೂ ಅಲ್ಲ. ಅದಕ್ಕಿಂತ ಮುಖ್ಯ, ಕೆಲವು ಜಾತಿಯ ಉಂಗುರ ಸಾದಾ ಲುಗಾಲ್ ದ್ರಾವಣದಲ್ಲಿ ಇಟ್ಟಿಗೆ ಕೆಂಪು ಆಗ್ತದೆ, ಅದೇ ಮೆಲ್ಜರಿನಲ್ಲಿ ಎಂತದ್ದೂ ಆಗುದಿಲ್ಲ, ಮೊದಲು ಕೆಒಎಚ್, ಅಂದ್ರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ, ಹಾಕಿ ಆಮೇಲೆ ಅಯೋಡಿನ್ ಹಾಕಿದ್ರೆ ನೀಲಿ ಆಗ್ತದೆ. ಅಂದ್ರೆ ಮೆಲ್ಜರ್ ಮಾತ್ರ ಹಾಕಿದವ 'ಬಣ್ಣ ಬರ್ಲಿಲ್ಲ' ಅಂತ ಬರೀತಾನೆ, ಹೆಸರು ತಪ್ಪು ದಾರಿಗೆ ಹೋಗ್ತದೆ. ಹಾಗಾಗಿ ಲುಗಾಲ್ ಮೊದಲು. ಮನೆಯಲ್ಲೇ ಮಾಡ್ಬಹುದು, 2 ಗ್ರಾಂ ಪೊಟ್ಯಾಸಿಯಂ ಅಯೋಡೈಡನ್ನು ಚೂರೇ ನೀರಿನಲ್ಲಿ ಕರಗಿಸಿ, ಅದಕ್ಕೆ 1 ಗ್ರಾಂ ಅಯೋಡಿನ್ ಹಾಕಿ ಕಲಕಿ, ಆಮೇಲೆ 100 ಮಿಲಿ ಮಾಡಿ. ಕ್ರಮ ಹಿಂದುಮುಂದು ಮಾಡ್ಬೇಡಿ, ಬರೀ ನೀರಿನಲ್ಲಿ ಅಯೋಡಿನ್ ಕರಗುದೇ ಇಲ್ಲ, ಅಡಿಯಲ್ಲಿ ಕಪ್ಪು ಚೂರು ಕೂರ್ತದೆ. ಕಂದು ಬಾಟ್ಲಿಯಲ್ಲಿ ಇಡಿ. ಕಾಲೇಜಿನಲ್ಲಿ ಬ್ಯಾಕ್ಟೀರಿಯಾಕ್ಕೆ ಹಾಕುವ 'ಗ್ರಾಮ್ ಅಯೋಡಿನ್' ಇದ್ರೆ ಸಾಲದಾ ಅಂತ ಕೇಳ್ತಾರೆ, ಅದು 300 ಮಿಲಿಗೆ 1 ಗ್ರಾಂ, ತೆಳು, ಕೆಂಪಾಗ್ಬೇಕಾದ ಕೆಲವು ಉಂಗುರ ತೆಳುವಿನಲ್ಲಿ ನೀಲಿ ಕಾಣ್ತದೆ, ಅದೂ ಮೋಸವೇ. ನೀರಿನ ಸ್ಲೈಡಿನ ಒಂದು ಬದಿಗೆ ಲುಗಾಲ್ ತೊಟ್ಟು ಇಟ್ಟು ಇನ್ನೊಂದು ಬದಿಯಿಂದ ಟಿಶ್ಯೂ ತಾಗಿಸಿ ಎಳೆದು, ಕಣ್ಣು ತೆಗೆಯದೆ ನೋಡ್ತಾ ಇರಿ. ಬೇರೆ ಚೂರಿಗೆ 5 ಪರ್ಸೆಂಟಿನ ಕೆಒಎಚ್ ಹಾಕಿ ತೊಳೆದು ಮತ್ತೆ ಲುಗಾಲ್ ಹಾಕಿ ಎರಡನ್ನೂ ಬರೆದಿಡಿ. ಕೆಒಎಚ್ ಹಾಕಿದ ಕೂಡಲೇ ಬಟ್ಟಲಿನಿಂದ ಬಣ್ಣ ಬಿಟ್ಟು ನೀರಿಗೆ ಹರಿದ್ರೆ ಅದೂ ಒಂದು ಗುರುತು. ಕಣ್ಣಿಗೆ ಕೈಗೆ ಜಾಗ್ರತೆ.

ಸ್ಪೋರನ್ನು ಆಸ್ಕಸ್ಸಿನೊಳಗೆ ಇರುವಾಗ ಅಳೆಯುದು ಬೇಡ, ಅರೆಬೆಳೆದದ್ದು ಸೇರ್ತದೆ. ರಾತ್ರಿ ಬಟ್ಟಲನ್ನು ತಟ್ಟೆ ಕೆಳಗಾಗುವ ಹಾಗೆ ಕವರ್‌ಸ್ಲಿಪ್ಪಿನ ಮೇಲೆ ಚೂರು ಎತ್ತರದಲ್ಲಿ ಇಟ್ಟು ಡಬ್ಬಿ ಮುಚ್ಚಿದ್ರೆ ಬೆಳಗ್ಗೆ ಬಿಳಿ ಹುಡಿ ಬಿದ್ದಿರ್ತದೆ, ಅವು ಪಕ್ವ ಸ್ಪೋರ್. ಇಪ್ಪತ್ತೈದು ಮೂವತ್ತು ಅಳೆದು ಅತಿ ಸಣ್ಣದು, ಅತಿ ದೊಡ್ಡದು, ಸರಾಸರಿ, ಮತ್ತೆ ಉದ್ದವನ್ನು ಅಗಲದಿಂದ ಭಾಗಿಸಿದ ಸಂಖ್ಯೆ. ನಯವಾ ಗಂಟುಗಂಟಾ ಗೆರೆಯಾ ಅನ್ನುದು ಕಾಣದಿದ್ರೆ ಈಗ ಕಾಟನ್ ಬ್ಲೂ ತನ್ನಿ, ಚೂರು ಬಿಸಿ ಮಾಡಿದ್ರೆ ಮೇಲ್ಮೈಯ ಚಿತ್ತಾರ ನೀಲಿಯಾಗಿ ಎದ್ದು ಬರ್ತದೆ. ಅದರ ಜಾಗ ಇದು, ಮೊದಲ ಸ್ಲೈಡ್ ಅಲ್ಲ.

ರೋಮವನ್ನೂ ಹಾಗೇ ಸಮಾಧಾನದಲ್ಲಿ ನೋಡಿ, ಗೋಡೆ ದಪ್ಪವಾ ತೆಳುವಾ, ಅಡ್ಡಗೋಡೆ ಎಷ್ಟು, ಮೈಮೇಲೆ ಸಣ್ಣ ಸಣ್ಣ ಕಾಳು ಅಂಟಿದ ಹಾಗೆ ಉಂಟಾ. ಲ್ಯಾಕ್ನಮ್ ಆದ್ರೆ ರೋಮದ ಮೇಲೆಲ್ಲ ರವೆ ಉದುರಿಸಿದ ಹಾಗೆ ಕಾಳು, ಪ್ಯಾರಾಫೈಸಿಸ್ ಈಟಿಯ ಹಾಗೆ ಚೂಪು, ಆಸ್ಕಸ್ಸಿಗಿಂತ ಮೇಲೆ ಚಾಚಿಕೊಂಡಿರ್ತದೆ. ಈ ಎರಡು ಒಟ್ಟಿಗೆ ಸಿಕ್ಕಿದ್ರೆ ಲ್ಯಾಕ್ನಮ್ ಬಳಗ ಅಂತ ಬರೀಬಹುದು. ಗೋಡೆಯ ಕೋಶ ಉರುಟಾ, ಮೂಲೆಮೂಲೆಯಾ, ಇಟ್ಟಿಗೆ ಜೋಡಿಸಿದ ಹಾಗಾ, ನೂಲು ಸಿಕ್ಕಾದ ಹಾಗಾ ಅಂತ ಚಿತ್ರ ಬರೆದಿಡಿ, ಲ್ಯಾಟಿನ್ ಹೆಸರು ಆಮೇಲೆ ಹುಡುಕ್ಬಹುದು. ಆಸ್ಕಸ್ಸಿನ ಬುಡದಲ್ಲಿ ಅಡಿಕೆ ಕೊಯ್ಯುವ ದೋಟಿಯ ಕೊಕ್ಕೆ ಹಾಗೆ ಒಂದು ತಿರುವು ಇರ್ತದಾ ಇಲ್ವಾ ಅನ್ನುದು ಹತ್ತಿರದ ಜಾತಿಗಳನ್ನು ಬೇರ್ಪಡಿಸ್ತದೆ, ಆದ್ರೆ ಅದನ್ನು ನೋಡ್ಲಿಕ್ಕೆ ತಾಳ್ಮೆ ಮತ್ತೆ ಕಾಂಗೋ ರೆಡ್ ಎರಡೂ ಬೇಕು, ಶುರುವಿನಲ್ಲಿ ಬಿಟ್ರೂ ನಡೀತದೆ.

ಕಲೀಲಿಕ್ಕೆ ಒಳ್ಳೆಯದು ಯಾವುದು ಅಂದ್ರೆ ನಾನು ಕುಕೀನಾ ಟ್ರೈಕೊಲೋಮಾ ಅಂತೇನೆ. ಸಣ್ಣದಲ್ಲ, ಒಂದೆರಡು ಸೆಂಟಿಮೀಟರ್, ಗುಲಾಬಿ ಅಥವಾ ಕೇಸರಿ ಬಟ್ಟಲು, ಕಾಲು ಉಂಟು, ಹೊರಗೆಲ್ಲ ಉದ್ದ ರೋಮ, ಮಳೆ ನೀರು ತುಂಬಿ ನಿಂತಿರ್ತದೆ. ರೋಮ ಉದ್ದ ಇಲ್ಲದೆ ಅಂಚಿನ ಸುತ್ತ ಮಾತ್ರ ಗಿಡ್ಡ ರೋಮ ಸಾಲಾಗಿ ಇದ್ರೆ ಅದು ಇನ್ನೊಂದು, ಕುಕೀನಾ ಸ್ಪೆಸಿಯೋಸಾ. ಆಸ್ಕಸ್ ದಪ್ಪ ಗೋಡೆಯದ್ದು, ಬುಡದಲ್ಲಿ ತಟಕ್ಕನೆ ಸಪೂರ ಆಗಿ ಬಾಲ ಬಿಟ್ಟ ಹಾಗೆ, ತುದಿಯ ಮುಚ್ಚಳ ಓರೆ, ಅಯೋಡಿನ್ನಿಗೆ ನೀಲಿ ಆಗುದಿಲ್ಲ. ಸ್ಪೋರ್ ದೊಡ್ಡದು, ಅದರ ಮೇಲೆ ಉದ್ದುದ್ದ ಗೆರೆ. ಎಲ್ಲ ಆಸ್ಕಸ್ ಒಟ್ಟಿಗೇ ಬಲಿಯುದು ಇದರ ವಿಶೇಷ, ಹಾಗಾಗಿ ಒಂದು ಬಟ್ಟಲಿನಲ್ಲಿ ಎಲ್ಲ ಎಳತ್ತು ಕಂಡ್ರೆ ನಿರಾಸೆ ಬೇಡ, ಪಕ್ಕದ್ದನ್ನು ನೋಡಿ.

ಸ್ಕುಟೆಲ್ಲಿನಿಯಾ ಒದ್ದೆ ಮರ, ಒದ್ದೆ ಮಣ್ಣಿನಲ್ಲಿ, ಕೆಂಪು ಕಿತ್ತಳೆ ತಟ್ಟೆಗೆ ಕಣ್ರೆಪ್ಪೆಯ ಹಾಗೆ ಕಪ್ಪು ಕಂದು ರೋಮ. ಕುಲ ಹೇಳ್ಲಿಕ್ಕೆ ಲೆನ್ಸ್ ಸಾಕು, ಜಾತಿ ಹೇಳ್ಲಿಕ್ಕೆ ಮಾತ್ರ ಮಂಡೆ ಬಿಸಿ ಆಗ್ತದೆ, ರೋಮದ ಉದ್ದ, ಬುಡದಲ್ಲಿ ಬೇರಿನ ಹಾಗೆ ಎಷ್ಟು ಕವಲು, ಸ್ಪೋರಿನ ಗಂಟಿನ ಎತ್ತರ ಎಲ್ಲ ಬೇಕು. ಇದಕ್ಕೆ ಲುಗಾಲ್ ಹಾಕಿದ್ರೆ ಪ್ಯಾರಾಫೈಸಿಸ್ ಒಳಗಿನ ಕಿತ್ತಳೆ ಬಣ್ಣ ಹಸಿರು ನೀಲಿಗೆ ತಿರುಗ್ತದೆ. ಅದು ಕ್ಯಾರೊಟಿನ್ ಬಣ್ಣದ ಆಟ, ಆಸ್ಕಸ್ ನೀಲಿ ಆದದ್ದಲ್ಲ, ಗಡಿಬಿಡಿಯಲ್ಲಿ ನೋಡಿದವರು ಪೆಜೈಜಾ ಅಂತ ಬರೆದುಬಿಡ್ತಾರೆ.

ಕಡ್ಡಿಯ ಮೇಲೆ ಕಿತ್ತಳೆ ಹಳದಿ ತಟ್ಟೆ, ಸಪೂರ ಕಾಲು, ಕಾಲಿನ ಬುಡ ಕಪ್ಪು, ರೋಮ ಇಲ್ಲ ಅಂತಾದ್ರೆ ಡೈಸೆಫಲೊಸ್ಪೋರಾ ಇರ್ಬಹುದಾ ನೋಡಿ. ಕದಿರಿನ ಹಾಗೆ ಉದ್ದ ಸ್ಪೋರ್, ಎರಡೂ ತುದಿಗೆ ಲೋಳೆಯ ಟೊಪ್ಪಿ. ಹೆಸರೇ ಎರಡು ತಲೆಯ ಸ್ಪೋರ್ ಅಂತ. ಹಸಿ ಇರುವಾಗ ನೀರಿನಲ್ಲಿ ಆ ಟೊಪ್ಪಿ ಕಂಡದ್ದು ನನಗೆ ಒಳ್ಳೆ ಗಮ್ಮತ್ತಿನ ದಿನ.

ಆರ್ಬಿಲಿಯಾದ ಕತೆ ಬೇರೆ. ಅರ್ಧ ಮಿಲಿಮೀಟರಿನಿಂದ ಎರಡು ಮಿಲಿಮೀಟರ್, ಮೇಣದ ಹಾಗೆ ಪಾರದರ್ಶಕ, ಒಣಗಿದ್ರೆ ಕಾಣುವುದೇ ಇಲ್ಲ. ಆಸ್ಕಸ್ ಗಿಡ್ಡ, ತುದಿ ಕತ್ತರಿಸಿದ ಹಾಗೆ ಚಪ್ಪಟೆ, ಪ್ಯಾರಾಫೈಸಿಸ್ ತುದಿ ಗುಂಡುಸೂಜಿಯ ತಲೆ, ಸ್ಪೋರ್ ಅತಿ ಸಣ್ಣ. ಆ ಸ್ಪೋರಿನೊಳಗೆ ಒಂದು ತುದಿಗೆ ಹನಿಯ ಹಾಗೆ ಒಂದು ವಸ್ತು ನೇತಾಡ್ತದೆ, ಜಾತಿ ಬೇರ್ಪಡಿಸುದೇ ಅದರ ಆಕಾರದಿಂದ, ಸ್ಪೋರ್ ಸತ್ತ ಕೂಡಲೇ ಅದು ಕಾಣೆ. ನೀರಿನಲ್ಲಿ ನೋಡದವನಿಗೆ ಆರ್ಬಿಲಿಯಾ ಸಿಕ್ಕುದೇ ಇಲ್ಲ. ಇದರಲ್ಲಿ ಕೆಲವು ಜಾತಿಯ ಎಳೆಗಳು ಮಣ್ಣಿನಲ್ಲಿ, ಮರದಲ್ಲಿ ಜಂತುಹುಳಗಳಿಗೆ ಬಲೆ ಹಾಕಿ ಹಿಡಿದು ತಿಂತವೆ, ನೋಡ್ಲಿಕ್ಕೆ ಇಷ್ಟು ಸಾಧು.

ಸೆಗಣಿಗೆ ಬರುವ. ಎರಡು ದಿನದ ಸೆಗಣಿಯ ಚೂರು, ನಮ್ಮ ಗಿಡ್ಡ ದನದ್ದಾದ್ರೂ ಸರಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಕಾಗದದ ಮೇಲಿಟ್ಟು ಮುಚ್ಚಳ ಸಡಿಲ ಮುಚ್ಚಿ ಬೆಳಕಿರುವ ಕಿಟಿಕಿಯಲ್ಲಿಡಿ, ಬಿಸಿಲು ಬೇಡ. ಮೊದಲ ದಿನಗಳಲ್ಲಿ ಗಾಜಿನ ಮಣಿಯ ಹಾಗೆ ಪೈಲೋಬೋಲಸ್ ಅನ್ನುವ ಬೂಷ್ಟು ಏಳ್ತದೆ, ಅದು ಬಟ್ಟಲಲ್ಲ. ವಾರ ಕಳೆದು ಎರಡನೇ ವಾರದ ಹೊತ್ತಿಗೆ ಹಳದಿ ಹಸಿರು ಮೆತ್ತೆಗಳ ಮೇಲೆ ಕಪ್ಪು ನೇರಳೆ ಚುಕ್ಕಿ ಕಂಡ್ರೆ ಆಸ್ಕೊಬೋಲಸ್. ಆ ಚುಕ್ಕಿ ಒಂದೊಂದೂ ಬಲಿತ ಆಸ್ಕಸ್ಸಿನ ತುದಿ, ಬೆಳಕಿನ ಕಡೆ ಬಾಗಿ ಹೊರಗೆ ಚಾಚಿಕೊಂಡಿರ್ತದೆ. ಸ್ಪೋರ್ ನೇರಳೆ ಬಣ್ಣ, ಹಳತಾದ್ರೆ ಕಂದು. ಎಂಟು ಸ್ಪೋರೂ ಒಂದೇ ಮುದ್ದೆಯಾಗಿ ಅಂಟಿಕೊಂಡಿದ್ರೆ ಅದು ಸ್ಯಾಕೊಬೋಲಸ್. ಇದಕ್ಕೆ ಅಯೋಡಿನ್ ಪಯೋಡಿನ್ ಎಂತದ್ದೂ ಬೇಡ. ಡಬ್ಬಿಯನ್ನು ಅಡಿಗೆ ಮನೆಯ ಕಿಟಿಕಿಯಲ್ಲಿ ಇಡ್ಬೇಡಿ ಅಂತ ಮಾತ್ರ ಅನುಭವದ ಮಾತು.

ಜಾತಿಯ ಹೆಸರಿನ ಬಗ್ಗೆ ನನ್ನ ಅಭಿಪ್ರಾಯ ಖಾರ ಉಂಟು. ನಮಗೆ ಸಿಗುವ ಚಿತ್ರದ ಪುಸ್ತಕ ಹೆಚ್ಚಿನವು ಯುರೋಪಿನವು, ಅಲ್ಲಿ ಬೀಚ್ ಮರದ ಕಡ್ಡಿಯಲ್ಲಿ ಬೆಳೆಯುವುದರ ಹೆಸರನ್ನು ತಂದು ಮುಳ್ಳೇರಿಯದ ರಬ್ಬರ್ ಗೆಲ್ಲಿನ ಮೇಲಿನದ್ದಕ್ಕೆ ಇಡುದು ಅಂದ್ರೆ ಕನ್ನಡಿಯಲ್ಲಿ ಕಂಡವನನ್ನೆಲ್ಲ ತಮ್ಮ ಅಂದ ಹಾಗೆ. ಕುಲ ಬರೆದು ಪಕ್ಕದಲ್ಲಿ ನಿಮ್ಮದೇ ನಂಬರ್ ಹಾಕಿ ನಿಲ್ಲಿ. ಸ್ಯಾಂಪಲ್ ಒಣಗಿಸಿ ಇಟ್ಟರೆ ಮುಂದೆ ಯಾರಾದ್ರೂ ಡಿಎನ್‌ಎ ತೆಗೆದು ನೋಡ್ಬಹುದು, ಜೀವ ಇರುವಾಗಿನ ನಿಮ್ಮ ಟಿಪ್ಪಣಿ ಆವಾಗ ಚಿನ್ನ, ಯಾಕಂದ್ರೆ ಒಣಗಿದ ಸ್ಯಾಂಪಲಿನಿಂದ ಅದನ್ನು ಮತ್ತೆ ತೆಗೀಲಿಕ್ಕೆ ಆಗುದಿಲ್ಲ. ಒಣಗಿಸುದು 40 ಡಿಗ್ರಿಗಿಂತ ಕೆಳಗೆ, ಒಲೆಯ ಮೇಲಿನ ಅಟ್ಟ ಬೇಡ, ಹೊಗೆಯೂ ಬಿಸಿಯೂ ಜಾಸ್ತಿ. ನಾನು ಬಲ್ಬ್ ಹಾಕಿದ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಟ್ಟು, ಕಾಗದದ ಲಕೋಟೆಗೆ ಹಾಕಿ, ಲಕೋಟೆಗಳನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ ಇಡ್ತೇನೆ. ಆಟಿಯಲ್ಲಿ ಡಬ್ಬಿ ಬಿಗಿ ಇಲ್ಲದಿದ್ರೆ ಲಕೋಟೆಗೇ ಬೂಷ್ಟು ಬರ್ತದೆ.

ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೀಬೇಕು, ಪೆನ್ನಿನ ಶಾಯಿ ಹರಡ್ತದೆ. ನಾನು ಬರೆಯುದು ಹೀಗೆ: ನಂಬರ್ 47. ಅಡಿಕೆ ಸೋಗೆಯ ದಂಟು, ನೆಲದ ಮೇಲೆ, ಅಡಿಬದಿ, ನೆರಳು. ತಟ್ಟೆ ಅರ್ಧ ಮಿಲಿಮೀಟರ್, ಬಿಳಿ, ಕಾಲು ಗಿಡ್ಡ, ರೋಮ ಕಾಳುಕಾಳು. ಆಸ್ಕಸ್ ಮುಚ್ಚಳ ಇಲ್ಲ, ಲುಗಾಲಿನಲ್ಲಿ ಉಂಗುರ ನೀಲಿ. ಪ್ಯಾರಾಫೈಸಿಸ್ ಈಟಿ. ಸ್ಪೋರ್ 28 ಅಳೆದದ್ದು, ಜೀವ ಇದ್ದಾಗ, ನೀರಿನಲ್ಲಿ. ಲ್ಯಾಕ್ನಮ್ ಬಳಗ.